ಪುಟ್ಟ ಕಚ್ಚಿದ್ದರಿಂದ ಅವನಿಗೆ ಸಿಕ್ಕಿದ್ದೇನು?

ಪ್ರೀತಿಯ ಸುಮಾ,

ಆಶೀರ್ವಾದಗಳು. ಪುಟ್ಟ ಪಕ್ಕದ ಹುಡುಗನ ಕೈ ಕಚ್ಚಿದ, ಪುಸ್ತಕ ಎಸೆದ, ಶಾಲೆಯವರು ಮತ್ತೆ ಫೋನ್ ಮಾಡಿ ‘ಕರ್ಕೊಂಡು ಹೋಗಿ’ ಅಂದರು ಅಂತ ಬರೆದಿದ್ದೀಯ. ಹೇಗೆ ನಿಲ್ಲಿಸಲಿ ಅನ್ನುವುದು ಆಮೇಲಿನ ಮಾತು. ಕಚ್ಚಿದ್ದರಿಂದ ಅವನಿಗೆ ಏನು ಸಿಕ್ಕಿತು, ಇಲ್ಲವೇ ಯಾವುದು ತಪ್ಪಿತು, ಮೊದಲು ಅದು ಗೊತ್ತಾಗಬೇಕು.

ಅದಕ್ಕೂ ಮುಂಚೆ ಡಾಕ್ಟರ ಹತ್ತಿರ ಹೋಗಿ ಬಾ. ಹಟ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಮಲಬದ್ಧತೆ, ಹಲ್ಲುನೋವು, ಕಿವಿಸೋಂಕು, ನಿದ್ದೆಗೇಡು ಇವೆಯಾ ನೋಡಿಸು. ಪುಟ್ಟನ ಹಾಗೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಎಲ್ಲಿ ನೋಯುತ್ತಿದೆ ಅಂತ ಹೇಳಲು ಬರುವುದಿಲ್ಲ. ನಡುನಡುವೆ ಕೆಲವು ಸೆಕೆಂಡು ಶೂನ್ಯದೃಷ್ಟಿಯಲ್ಲಿ ನಿಂತುಬಿಡುತ್ತಾನೆ ಅನ್ನಿಸಿದರೆ ಅದನ್ನೂ ಹೇಳು. ಈ ಮಕ್ಕಳಲ್ಲಿ ಅಪಸ್ಮಾರ ಉಳಿದವರಿಗಿಂತ ಹೆಚ್ಚು.

ಆಮೇಲೆ ಒಂದು ನೋಟ್‌ಬುಕ್ ಇಡು. ಪ್ರತಿ ಸಲವೂ ನಾಲ್ಕು ವಿಷಯ ಬರೆಯಬೇಕು: ಹೊತ್ತು ಮತ್ತು ಜಾಗ, ಅದಕ್ಕೆ ತುಸು ಮುಂಚೆ ನಡೆದದ್ದು, ಅವನು ಮಾಡಿದ್ದು, ಆಮೇಲೆ ದೊಡ್ಡವರು ಮಾಡಿದ್ದು. ‘ಸಿಟ್ಟು ಮಾಡಿಕೊಂಡ’ ಅಂತ ಬರೆದರೆ ಉಪಯೋಗವಿಲ್ಲ. ‘11.10, ಗಣಿತದ ಹಾಳೆ ಕೊಟ್ಟರು, ಅರ್ಧ ನಿಮಿಷದಲ್ಲಿ ಹಾಳೆ ಹರಿದು ಪಕ್ಕದವನನ್ನು ಕಚ್ಚಿದ, ಹೊರಗೆ ಕೂರಿಸಿದರು’ ಅಂತ, ಕಣ್ಣಿಗೆ ಕಂಡಷ್ಟೇ ಇರಲಿ. ಟೀಚರಿಗೆ ಪುರುಸೊತ್ತಿರುವುದಿಲ್ಲ. ಗುರುತು ಹಾಕಿದರೆ ಸಾಕು ಅನ್ನುವಂಥ ಹಾಳೆಯನ್ನು ನೀನೇ ಮಾಡಿಕೊಡು. ಎರಡು ವಾರ ತುಂಬಲಿ, ಗಲಾಟೆಯಿಲ್ಲದ ಪೀರಿಯಡ್‌ಗಳೂ ಅದರಲ್ಲಿ ಬರಲಿ.

ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಎದ್ದು ಕಾಣುತ್ತದೆ: ಕೆಲಸ ಅಥವಾ ಗದ್ದಲದಿಂದ ತಪ್ಪಿಸಿಕೊಳ್ಳುವುದು, ಯಾರಾದರೂ ತನ್ನ ಕಡೆ ನೋಡಲಿ ಅನ್ನುವುದು, ಬೇಕಾದ ವಸ್ತು, ಇಲ್ಲವೇ ಆ ಕ್ರಿಯೆಯೇ ಮೈಗೆ ಹಿತವಾಗಿರುವುದು. ಮೇಲಿನ ಸಾಲನ್ನೇ ನೋಡು. ಹಾಳೆ ಬೇಡವಾಗಿತ್ತು, ಕಚ್ಚಿದ, ಹಾಳೆ ಮಾಯವಾಯಿತು. ಟೀಚರ್ ಶಿಕ್ಷೆ ಅಂದುಕೊಂಡದ್ದು ಅವನಿಗೆ ಬಿಡುಗಡೆ. ಮನೆಗೆ ಕಳಿಸುವುದಂತೂ ಇನ್ನೂ ದೊಡ್ಡ ಬಿಡುಗಡೆ. ಮಕ್ಕಳಿಗೆ ಅಪಾಯ ಇಲ್ಲದಿದ್ದರೆ ಅವನು ಶಾಲೆಯಲ್ಲೇ ಬೇರೆ ಕೋಣೆಯಲ್ಲಿ ಶಾಂತವಾಗಿ, ಚಿಕ್ಕದೊಂದು ಕೆಲಸವನ್ನಾದರೂ ಮುಗಿಸಿ ಮನೆಗೆ ಬರುವ ಹಾಗೆ ಶಾಲೆಯವರೊಂದಿಗೆ ಮಾತಾಡು. ಕರೆ ಬಂದ ದಿನ ಈ ಮಾತು ಎತ್ತಬೇಡ, ಇಬ್ಬರಿಗೂ ತಲೆ ಬಿಸಿಯಿರುತ್ತದೆ.

ಕಚ್ಚುವುದರ ಜಾಗಕ್ಕೆ ಅಷ್ಟೇ ಬೇಗ ಕೆಲಸ ಕೊಡುವ ಇನ್ನೊಂದು ದಾರಿ ಅವನಿಗೆ ಬೇಕು. 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ. ಅಂಗೈಯಗಲದ ರಟ್ಟಿನ ಕಾರ್ಡಿನ ಮೇಲೆ ‘ಬಿಡುವು ಬೇಕು’ ಅಂತ ಬರೆದು, ಚಿತ್ರ ಅಂಟಿಸಿ ಡೆಸ್ಕಿನ ಮೂಲೆಯಲ್ಲಿಡಿ. ಮೊದಲು ಮನೆಯಲ್ಲಿ, ಅವನು ಸಮಾಧಾನವಾಗಿದ್ದಾಗ ಕಲಿಸು. ನೀನು ಎದುರಿಗೆ ಕೂತು ಸ್ವಲ್ಪ ಬೇಸರದ ಕೆಲಸ ಕೊಡು. ಹಿಂದೆ ಕೂತ ಇನ್ನೊಬ್ಬರು ಮಾತಾಡದೆ ಅವನ ಕೈಯನ್ನು ಮೆಲ್ಲಗೆ ಕಾರ್ಡಿನ ಕಡೆಗೆ ತರಲಿ. ಕಾರ್ಡ್ ನಿನ್ನ ಕೈಗೆ ಬಂದ ಕೂಡಲೇ ಕೆಲಸ ಪಕ್ಕಕ್ಕೆ, ಟೈಮರ್‌ನಲ್ಲಿ 2 ನಿಮಿಷ ಬಿಡುವು, ಮತ್ತೆ ಅದೇ ಕೆಲಸ. ಹತ್ತು ಲೆಕ್ಕದ ಬದಲು ಎರಡೇ ಇದ್ದರೂ ಸರಿ, ವಾಪಸ್ ಬರುವುದು ಮಾತ್ರ ತಪ್ಪಬಾರದು.

ಇದು ಕೆಡುವುದು ಶಾಲೆಯಲ್ಲಿ, ಮೊದಲ ವಾರದಲ್ಲೇ. ‘ಇದೊಂದು ಮುಗಿಸು, ಆಮೇಲೆ ಹೋಗು’ ಅಂತ ಟೀಚರ್ ಎರಡು ಸಲ ಅಂದರೆ ಕಾರ್ಡಿಗಿಂತ ಹಲ್ಲೇ ಬೇಗ ಅಂತ ಅವನಿಗೆ ಖಾತ್ರಿಯಾಗುತ್ತದೆ. ಶುರುವಿನಲ್ಲಿ ಎಷ್ಟು ಸಲ ಕೊಟ್ಟರೂ ಒಪ್ಪಲೇಬೇಕು. ದಿನಕ್ಕೆ ಇಷ್ಟೇ ಕಾರ್ಡ್ ಅನ್ನುವ ಲೆಕ್ಕ ಕೆಲವು ವಾರ ಕಳೆದ ಮೇಲೆ. ಇನ್ನೊಂದು, ಹಳೆಯ ಉಪಾಯ ನಡೆಯದಾದಾಗ ಕಚ್ಚುವುದು ಕೆಲವು ದಿನ ಹೆಚ್ಚೇ ಆಗಬಹುದು. ಆಗ ಹೆದರಿ ಬಿಟ್ಟುಕೊಟ್ಟರೆ ಇನ್ನೂ ಜೋರಾಗಿ ಕಚ್ಚಬೇಕು ಅಂತ ನಾವೇ ಕಲಿಸಿದಂತೆ. ಅಷ್ಟು ದಿನ ಪಕ್ಕದ ಸೀಟು ಖಾಲಿ ಇರಲಿ, ಆ ಹುಡುಗನಾದರೂ ಯಾಕೆ ನೋವು ತಿನ್ನಬೇಕು?

ಸಂಪೂರ್ಣ ಕುಸಿದು ಅಳುವ ಮೆಲ್ಟ್‌ಡೌನ್ ಬೇರೆ. ಅದರಲ್ಲಿ ಉಪಾಯವಿಲ್ಲ, ಗಿಟ್ಟಿಸುವುದೂ ಏನಿಲ್ಲ. ಸುತ್ತಲಿನ ಮಕ್ಕಳನ್ನು ದೂರ ಕಳಿಸಬೇಕು, ಮಾತು ನಿಲ್ಲಿಸಬೇಕು. ಅವನಿಗೆ ಪೆಟ್ಟಾಗುವಂತಿಲ್ಲದಿದ್ದರೆ ಮುಟ್ಟಬಾರದು, ‘ಕಣ್ಣು ನೋಡಿ ಮಾತಾಡು’ ಅನ್ನಲೇಬಾರದು. ಅಳು ನಿಂತ ಮಾತ್ರಕ್ಕೆ ತಣ್ಣಗಾದ ಅಂತ ಅಲ್ಲ, ಕೆಲವೊಮ್ಮೆ ಒಂದು ಗಂಟೆಯೂ ಬೇಕು. ಆ ಹೊತ್ತಿನಲ್ಲಿ ‘ಸಾರಿ ಹೇಳು’ ಅಂದರೆ ಮತ್ತೆ ಶುರು.

ಟೀಚರಿಗೆ ಹತ್ತು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಕಾರ್ಡಿನ ಜೊತೆ ಎರಡು ಕೇಳು. ಒಂದು, ದಿನದ ಪೀರಿಯಡ್‌ಗಳ ಚಿತ್ರಪಟ್ಟಿ, ಬದಲಾವಣೆಯಿದ್ದರೆ ಬೆಳಿಗ್ಗೆಯೇ ಅದರಲ್ಲಿ ತೋರಿಸಿಬಿಡುವುದು. ಇನ್ನೊಂದು, ಒಂದು ಸಲಕ್ಕೆ ಒಂದೇ ಸೂಚನೆ, ಹೇಳಿ ಮನಸ್ಸಿನಲ್ಲೇ ಹತ್ತು ಎಣಿಸುವುದು. ಅಷ್ಟರೊಳಗೆ ಬೇರೆ ಮಾತಿನಲ್ಲಿ ಮತ್ತೆ ಹೇಳಿದರೆ ಅವನು ಅರ್ಥಮಾಡಿಕೊಳ್ಳುವ ಕೆಲಸವನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಬೆಳಿಗ್ಗೆ ನಡೆದದ್ದಕ್ಕೆ ಸಂಜೆ ಮನೆಯಲ್ಲಿ ಬೈಯಬೇಡ. ಅವನಿಗೆ ಎರಡಕ್ಕೂ ನಂಟು ಹೊಳೆಯುವುದಿಲ್ಲ, ಮನೆಯೂ ಭಯದ ಜಾಗ ಆಗುತ್ತದೆ ಅಷ್ಟೇ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಏನೂ ಕೇಳದೆ ಬಿಟ್ಟುಬಿಡು.

ಔಷಧಿಯ ಬಗ್ಗೆ ಕೇಳಿದ್ದೀಯ. ರಿಸ್ಪೆರಿಡೋನ್, ಅರಿಪಿಪ್ರಜೋಲ್ ತೀವ್ರವಾದ ಕೆರಳುವಿಕೆಯನ್ನು ತಗ್ಗಿಸುತ್ತವೆ, ಆಟಿಸಂಗೆ ಮದ್ದಲ್ಲ. ಹಸಿವು, ತೂಕ ಏರಬಹುದು. ಶುರುಮಾಡುವ ಮುಂಚೆ ತೂಕ, ರಕ್ತದ ಸಕ್ಕರೆ, ಕೊಬ್ಬು ಅಳೆಸಿ ಬರೆದಿಟ್ಟುಕೊಳ್ಳಿ. ಶುರುಮಾಡಿದ ಮೇಲೆ ಡಾಕ್ಟರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬೇಡಿ. ಹೇಗೂ ಅವರನ್ನು ಕಾಣುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ, ನನಗೂ ಅದರ ಫೋಟೋ ಕಳಿಸು.

ಇತಿ,
ನಿನ್ನ ದೊಡ್ಡಮ್ಮ