ಗೋಲ್‌ಪೋಸ್ಟಿನ ಹಿಂದೆ ಪಂಜರ ನಿಲ್ಲಿಸಿದವರು ಯಾರು?

ಮಾನ್ಯ ಸಂಪಾದಕರೇ,

ಭಾನುವಾರದ ಫುಟ್‌ಬಾಲ್ ಪಂದ್ಯದ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ನವೀಕೃತ ಕ್ರೀಡಾಂಗಣದಲ್ಲಿ ಅಭಿಮಾನಿಗಳ ಗದ್ದಲ’ ಎಂಬ ತಲೆಬರಹ ಕೊಟ್ಟಿದ್ದೀರಿ. ಗದ್ದಲ ಮಾಡಿದವರಲ್ಲಿ ನಾನೂ ಒಬ್ಬ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗದ್ದಲ ಯಾಕಾಯಿತು ಎಂಬುದಕ್ಕೆ ವರದಿಯಲ್ಲಿ ಒಂದು ಸಾಲೂ ಇಲ್ಲ. ‘ಫುಟ್‌ಬಾಲ್, ಅಥ್ಲೆಟಿಕ್ಸ್ ಎರಡೂ ಕ್ರೀಡೆಗಳಿಗೆ ಅನುಕೂಲವಾಗುವಂತೆ ನವೀಕರಿಸಲಾಗಿದೆ’ ಎಂಬ ಅಧಿಕಾರಿಯ ಹೇಳಿಕೆ ಮಾತ್ರ ಇದೆ. ಅದನ್ನು ಓದಿ ಮೈ ಉರಿದುಹೋಯಿತು.

ಹದಿನಾಲ್ಕು ತಿಂಗಳು ಕ್ರೀಡಾಂಗಣ ಮುಚ್ಚಿತ್ತು. ಅಷ್ಟೂ ದಿನ ಕಾದವರು ನಾವು. ಭಾನುವಾರ ಎರಡು ಗಂಟೆ ಮೊದಲೇ ಹೋಗಿ ಸರತಿಯಲ್ಲಿ ನಿಂತೆ. ನಾಲ್ಕು ಗೇಟುಗಳಲ್ಲಿ ತೆರೆದದ್ದು ಒಂದೇ. ಒಳಗೆ ಕಾಲಿಡುವಷ್ಟರಲ್ಲಿ ಆಟ ಶುರುವಾಗಿ ಹನ್ನೊಂದು ನಿಮಿಷವಾಗಿತ್ತು. ನನ್ನ ಆಸನ ಗೋಲ್‌ಪೋಸ್ಟಿನ ಹಿಂದೆ, ಏಳನೇ ಸಾಲಿನಲ್ಲಿ. ಕುಳಿತು ತಲೆಯೆತ್ತಿದರೆ ಕಣ್ಣಿಗೆ ಬಿದ್ದದ್ದು ಹ್ಯಾಮರ್ ಎಸೆತದ ಪಂಜರ, ಅಂದರೆ ತಂತಿಗೆ ಕಟ್ಟಿದ ಲೋಹದ ಗುಂಡು ಎಸೆಯುವಾಗ ದಾರಿ ತಪ್ಪಿ ಜನರ ಮೇಲೆ ಬೀಳದಂತೆ ಹಾಕುವ ತಡೆ. ಎರಡಾಳೆತ್ತರವನ್ನೂ ಮೀರಿದ ಕಬ್ಬಿಣದ ಕಂಬಗಳು, ಅವುಗಳ ನಡುವೆ ಹಸಿರು ಬಲೆ. ಆ ಬಲೆಯ ಕಣ್ಣುಗಳಿಂದ ಇಣುಕಿದರೂ ಆಟಗಾರರ ಬೆನ್ನಿನ ಸಂಖ್ಯೆ ಓದಲಾಗುತ್ತಿರಲಿಲ್ಲ. ಮೊದಲ ಗೋಲು ಬಂದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಒಳಗೆ ಹೋಯಿತೇ?’ ಎಂದು ನನ್ನನ್ನು ಕೇಳಿದರು. ಎದುರಿನ ಗ್ಯಾಲರಿ ಎದ್ದು ನಿಂತದ್ದನ್ನು ನೋಡಿ ‘ಹೋಗಿರಬೇಕು’ ಎಂದೆ. ಹಣ ಕೊಟ್ಟು ಟಿಕೆಟ್ ಪಡೆದವರ ಸ್ಥಿತಿ ಇದು. ಈ ಆಸನಗಳನ್ನು ಮಾರುವ ಮೊದಲು ಒಬ್ಬರಾದರೂ ಅಲ್ಲಿ ಕುಳಿತು ನೋಡಿದ್ದರೇ?

ಪಂಜರ ತೆಗೆದರೂ ತೊಂದರೆ ತೀರುವುದಿಲ್ಲ. ಅಂಗಳದ ಸುತ್ತ ಇರುವ 400 ಮೀಟರ್ ಓಟದ ಟ್ರ್ಯಾಕ್‌ನ ತಿರುವು ಅರ್ಧವೃತ್ತ. 105 ಮೀಟರ್ ಉದ್ದದ ಫುಟ್‌ಬಾಲ್ ಅಂಗಳವನ್ನು ಅದರೊಳಗೆ ಕೂರಿಸಿದರೆ ಗೋಲ್‌ಲೈನ್‌ನಿಂದ ತಿರುವಿನ ಒಳಅಂಚಿಗೇ ಸುಮಾರು 26 ಮೀಟರ್ ಆಗುತ್ತದೆ. ಎಂಟು ಪಥಗಳ ಅಗಲ ಸೇರಿಸಿದರೆ 36 ಮೀಟರ್ ಹತ್ತಿರ. ಗೋಲಿನ ಮುಂದೆ ಗೆರೆ ಎಳೆದು ಗುರುತಿಸುವ ಪೆನಾಲ್ಟಿ ಆವರಣದ ಆಳ 16.5 ಮೀಟರ್. ಅಂದರೆ ಗೋಲಿಗೂ ಗ್ಯಾಲರಿಯ ಮೊದಲ ಸಾಲಿಗೂ ನಡುವೆ ಅಂತಹ ಎರಡು ಆವರಣಗಳನ್ನು ಒಂದರ ಹಿಂದೊಂದು ಇಟ್ಟರೂ ಜಾಗ ಮಿಗುತ್ತದೆ. ಇದನ್ನು ಲೆಕ್ಕ ಹಾಕಲು ಎಂಜಿನಿಯರ್ ಬೇಕಿಲ್ಲ, ಪೆನ್ಸಿಲ್ ಮತ್ತು ಹಾಳೆ ಸಾಕು. ಆಸನಗಳನ್ನು ಕಡಿದಾಗಿ ಮೇಲಕ್ಕೇರಿಸಿದ್ದರೆ ಅಷ್ಟಿಷ್ಟಾದರೂ ಕಾಣುತ್ತಿತ್ತು. ಹಳೆಯ ಮೆಟ್ಟಿಲುಗಳಿಗೇ ಬಣ್ಣ ಬಳಿದು ಪ್ಲಾಸ್ಟಿಕ್ ಕುರ್ಚಿ ಬಿಗಿದು ಕೈತೊಳೆದುಕೊಂಡಿದ್ದಾರೆ.

ಆಟಗಾರರ ಪಾಡೂ ಅಷ್ಟೇ. ಅಂಗಳದ ಮೂಲೆ ಮತ್ತು ಟ್ರ್ಯಾಕ್ ನಡುವೆ ಉಳಿಯುವುದು ಒಂದೇ ಮೀಟರ್. ದ್ವಿತೀಯಾರ್ಧದಲ್ಲಿ ನಮ್ಮ ಎಡಬದಿಯ ಹುಡುಗ ಕಾರ್ನರ್ ಕಿಕ್ ತೆಗೆದುಕೊಳ್ಳಲು ಬಂದ. ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕಾದರೆ ಟ್ರ್ಯಾಕ್ ಮೇಲೆ ಹಾಸಿದ್ದ ಮ್ಯಾಟ್ ಮೇಲೆ ನಿಲ್ಲಬೇಕು. ಅವನು ಓಡಿದ ರಭಸಕ್ಕೆ ಮ್ಯಾಟ್ ಸುಕ್ಕಾಗಿ ಜಾರಿತು, ಬೂಟು ಟ್ರ್ಯಾಕ್‌ನ ಲೋಹದ ಅಂಚುಪಟ್ಟಿಗೆ ತಗುಲಿತು. ಮುಗ್ಗರಿಸಿ ಮಂಡಿಯೂರಿದವನು ಪಾದ ಹಿಡಿದುಕೊಂಡು ಅಲ್ಲೇ ಕುಳಿತ. ಕೈ ಸನ್ನೆ ಮಾಡಿದರೂ ಸ್ಟ್ರೆಚರ್ ಬರಲಿಲ್ಲ, ಯಾಕೆಂದರೆ ಅದನ್ನು ಇಟ್ಟಿದ್ದ ಕೋಣೆಗೆ ಬೀಗ. ನಾವು ಕೂಗಿದ್ದು ಆಗ. ಆ ಕೂಗನ್ನು ಗದ್ದಲ ಎಂದು ಬರೆದಿದ್ದೀರಿ.

ಇನ್ನೊಂದು ಮಾತು ಹೇಳಲೇಬೇಕು. ವಿರಾಮದಲ್ಲಿ ನಮ್ಮ ಗುಂಪಿನ ಕೆಲವರು ‘ಟ್ರ್ಯಾಕ್ ಕಿತ್ತೆಸೆಯಿರಿ’ ಎಂದು ಘೋಷಣೆ ಕೂಗಿದರು, ನಾನೂ ದನಿಗೂಡಿಸಿದೆ. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ಅವರ ಮಗಳು ಹರ್ಡಲ್ಸ್ ಓಡುತ್ತಾಳೆ. ‘ನಿಮ್ಮ ಪಂದ್ಯಕ್ಕೆಂದು ಗುರುವಾರದಿಂದ ಟ್ರ್ಯಾಕ್ ಮುಚ್ಚಿದ್ದಾರೆ, ಅವಳಿಗೆ ಅಭ್ಯಾಸವಿಲ್ಲ. ಹುಲ್ಲು ಹಾಳಾಗುತ್ತದೆಂದು ಹ್ಯಾಮರ್, ಜಾವೆಲಿನ್ ಎಸೆಯುವವರನ್ನು ಒಳಗೇ ಬಿಡುತ್ತಿಲ್ಲ. ಕಿತ್ತು ಹಾಕಲು ಇನ್ನೇನು ಉಳಿದಿದೆ?’ ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹ್ಯಾಮರ್ ಎಸೆಯುವವರಿಗೇ ಬಾಗಿಲು ಹಾಕಿದ ಮೇಲೆ ಆ ಪಂಜರ ಯಾರಿಗಾಗಿ ನಿಂತಿದೆ? ಅವರಿಗೂ ದಕ್ಕಲಿಲ್ಲ, ನಮಗೂ ದಕ್ಕಲಿಲ್ಲ. ಅವರು ನಮ್ಮನ್ನು ಬೈಯುವುದು, ನಾವು ಅವರನ್ನು ಬೈಯುವುದು, ನಡುವೆ ಕಡತಕ್ಕೆ ಸಹಿ ಹಾಕಿದವರು ನೆಮ್ಮದಿಯಿಂದಿರುವುದು.

ದಾರಿಯೇ ಇರಲಿಲ್ಲವೆಂದು ತಿಪ್ಪೆ ಸಾರಿಸಬೇಡಿ. ಪ್ಯಾರಿಸ್ ಬಳಿಯ ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣ 1998ರ ವಿಶ್ವಕಪ್‌ಗೆ ಸಿದ್ಧವಾದಾಗಲೇ ಅದರ ಕೆಳಗಿನ ಗ್ಯಾಲರಿ ಚಲಿಸುವಂತಿತ್ತು. ಫುಟ್‌ಬಾಲ್ ಇದ್ದಾಗ ಟ್ರ್ಯಾಕ್ ಮೇಲೆ ಮುಂದಕ್ಕೆ ಬರುತ್ತದೆ, ಓಟವಿದ್ದಾಗ ಹಿಂದಕ್ಕೆ ಸರಿಯುತ್ತದೆ. ಮ್ಯಾಂಚೆಸ್ಟರ್‌ನಲ್ಲಿ 2002ರ ಕಾಮನ್‌ವೆಲ್ತ್ ಕ್ರೀಡಾಕೂಟ ಮುಗಿದ ಮೇಲೆ ಟ್ರ್ಯಾಕ್ ತೆಗೆದು, ನೆಲ ಅಗೆದು ತಗ್ಗಿಸಿ, ಕೆಳಗೆ ಇನ್ನೊಂದು ಹಂತದ ಆಸನ ಕಟ್ಟಿದರು. ಓಟಗಾರರಿಗೆ ಪಕ್ಕದಲ್ಲೇ ಬೇರೆ ಟ್ರ್ಯಾಕ್ ಉಳಿಸಿಕೊಟ್ಟರು. ಟುರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಟ್ರ್ಯಾಕ್ ಸಮೇತ ಕಟ್ಟಿದ ಕ್ರೀಡಾಂಗಣದಲ್ಲಿ ಆಟ ದೂರ ಕಾಣುತ್ತದೆಂದು ಜನ ಗೊಣಗುತ್ತಲೇ ಇದ್ದರು. ಕೊನೆಗೆ ಅದನ್ನು ಕೆಡವಿ ಅದೇ ಜಾಗದಲ್ಲಿ 2011ರಲ್ಲಿ ಟ್ರ್ಯಾಕ್ ಇಲ್ಲದ ಹೊಸದನ್ನು ತೆರೆದರು. ನಮ್ಮವರು ಇವುಗಳಲ್ಲಿ ಯಾವುದನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

ಕೇಳುವ ಅಭ್ಯಾಸ ಇವರಿಗೆ ಎಂದೂ ಇರಲಿಲ್ಲ. ಮೂರು ವರ್ಷದ ಹಿಂದೆ ಸಂಗೀತ ಕಾರ್ಯಕ್ರಮಕ್ಕೆಂದು ಅಂಗಳದ ನಟ್ಟನಡುವೆ ವೇದಿಕೆ ಹಾಕಿಸಿದರು. ಲಾರಿ ಚಕ್ರದ ಗುಂಡಿಗಳಲ್ಲಿ ಒಂದು ಇಡೀ ಋತು ಆಡಿದೆವು. ಅದಕ್ಕೂ ಮೊದಲು ಫ್ಲಡ್‌ಲೈಟ್ ಕಂಬ ಒಂದು ಕೆಟ್ಟು ಎಂಟು ತಿಂಗಳು ಹಾಗೇ ನಿಂತಿತ್ತು. ಶೌಚಾಲಯದ ನಲ್ಲಿಯ ಬಗ್ಗೆ ನಾನು ಕೊಟ್ಟ ಮನವಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದು ಎರಡು ವರ್ಷವಾಯಿತು, ನಲ್ಲಿಯಲ್ಲಿ ಈಗಲೂ ನೀರಿಲ್ಲ. ನವೀಕರಣದ ನಕ್ಷೆ ತೋರಿಸಿ ಎಂದು ನಾವು ಹತ್ತು ಜನ ಕಚೇರಿಗೆ ಹೋದಾಗ ‘ಸಾಹೇಬರು ಸಭೆಯಲ್ಲಿದ್ದಾರೆ’ ಎಂದು ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂರಿಸಿದರು. ಸಾಹೇಬರು ಹಿಂದಿನ ಬಾಗಿಲಿನಿಂದ ಹೊರಟುಹೋದರು.

ಆ ಪಂಜರವನ್ನು ಮುಂದಿನ ಪಂದ್ಯಕ್ಕೆ ಮೊದಲು ತೆಗೆಯಬೇಕು. ಇಲ್ಲವೇ ಅದನ್ನು ಬಳಸುವ ಮಕ್ಕಳಿಗಾದರೂ ಬಾಗಿಲು ತೆರೆಯಬೇಕು. ಚಲಿಸುವ ಗ್ಯಾಲರಿ ಕಟ್ಟಲಿ, ಅಥವಾ ಎರಡು ಕ್ರೀಡೆಗೂ ಬೇರೆ ಬೇರೆ ಅಂಗಳ ಕೊಡಲಿ, ಏನಾದರೂ ಒಂದು ಮಾಡಲಿ. ನಮ್ಮ ಟಿಕೆಟ್ ಹಣ ವಾಪಸ್ ಬರಬೇಕು. ಆ ಹುಡುಗನ ಪಾದ ಹೇಗಿದೆ ಎಂದು ವಿಚಾರಿಸಲು ಕೂಡ ಯಾರೊಬ್ಬರೂ ಹೋಗಿಲ್ಲವಂತೆ. ನಾಚಿಕೆಯಾಗಬೇಕು ಇವರಿಗೆ.

ಇತಿ,
ಗೋಲ್‌ಪೋಸ್ಟಿನ ಹಿಂದಿನ ಗ್ಯಾಲರಿಯ ಕಾಯಂ ಪ್ರೇಕ್ಷಕ