ಭಾನುವಾರ ಪೊದೆ ತೆರವು: ದಯವಿಟ್ಟು ಓದಿ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಉದ್ಯಾನದ ಕೊಳದ ಬದಿಯ ಲಂಟಾನ (ಹೊರನಾಡಿನಿಂದ ಬಂದು ಹಬ್ಬುವ ಮುಳ್ಳುಪೊದೆ) ತೆಗೆಯುತ್ತೇವೆ. ಈ ಸಲ ಮೂರರಲ್ಲೊಂದು ಭಾಗ ಮಾತ್ರ. ಒಮ್ಮೆಲೇ ಬೋಳಿಸಿದರೆ ಹಕ್ಕಿ, ಓತಿಕ್ಯಾತಗಳಿಗೆ ಮರೆಯೇ ಉಳಿಯದು. ಉಳಿದದ್ದನ್ನು ಊರಿನ ಗಿಡಗಳು ಬೇರೂರಿದ ಮೇಲೆ ನೋಡೋಣ.

ಮೊದಲು ಗೂಡು ಹುಡುಕಿ. ಮೊಟ್ಟೆ, ಮರಿ ಕಂಡರೆ ಆ ಪೊದೆ ಮುಟ್ಟಬೇಡಿ, ರಿಬ್ಬನ್ ಕಟ್ಟಿ. ದಾರಿಯ ಕಡೆಯಿಂದ ಒಳಕ್ಕೆ ಕತ್ತರಿಸುತ್ತಾ ಹೋಗಿ, ಪ್ರಾಣಿಗಳು ಹಿಂದಕ್ಕೆ ಜಾರಿಕೊಳ್ಳುತ್ತವೆ. ಮೇಲೆ ಸವರಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ (ಎಲ್ಲರೂ ಮಾಡುವುದು ಇದನ್ನೇ!). ಬುಡವನ್ನು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಕಡಿದು, ಬೇರು ಮೇಲಾಗಿ ತಲೆಕೆಳಗಿಡಿ. ಹಣ್ಣಿದ್ದ ರೆಂಬೆ ಬೇರೆ ಚೀಲಕ್ಕೆ. ಒಣಮರದ ದಿಮ್ಮಿ, ತರಗೆಲೆ ಅಲ್ಲೇ ಇರಲಿ, ಸುಡಬೇಡಿ.

ದಪ್ಪ ಕೈಗವಸು, ಬೂಟು ಕಡ್ಡಾಯ. ಬರುವವರು, ಗುದ್ದಲಿ ತರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.