ಚಕ್ರದ ಪಾರ್ಟಿಶನ್ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾನ್ಯ ಗ್ರಾಹಕರೇ,

ಮೇ ತಿಂಗಳ ಕೊನೆಯ ವಾರ ಬರುವ ಈ ಪತ್ತನಾಜೆಯ ನಂತರ ನಮ್ಮ ಮರಗೆಲಸದ ಶೆಡ್ಡಿನಲ್ಲಿ ಚಕ್ರವಿರುವ ಎತ್ತರದ ಪಾರ್ಟಿಶನ್‌ಗಳನ್ನು ಮಾಡುವುದಿಲ್ಲ. ಬದಲಿಗೆ ಎರಡು ಬಗೆಯವು ಇರುತ್ತವೆ: ಬಿಜಾಗರಿಯಲ್ಲಿ ಮಡಚುವ ಮೂರು ಅಥವಾ ನಾಲ್ಕು ಎಲೆಯದು, ಮತ್ತು ಮೇಲಿನ ಹಳಿಯಿಂದ ತೂಗುತ್ತ ಪಕ್ಕಕ್ಕೆ ಸರಿಯುವುದು. ಅಳತೆಯನ್ನು ಫೋನಿನಲ್ಲಿ ಹೇಳಿದರೆ ಇನ್ನು ಸಾಲದು, ನಾವೇ ಮನೆಗೆ ಬಂದು ನೋಡುತ್ತೇವೆ. ಚಕ್ರದ್ದೇ ಬೇಕೆಂದು ಬರುವವರು ಈಗಲೂ ಇದ್ದಾರೆ. ಅವರಿಗೆ ಕಾರಣ ತಿಳಿಯಬೇಕು.

ಎಂಟಡಿಗೆ ನಾಲ್ಕಡಿಯ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಶೀಟು ಸುಮಾರು 30 ಕೆ.ಜಿ. ತೂಗುತ್ತದೆ. ಏಳಡಿಗೆ ಕತ್ತರಿಸಿ, ಚೌಕಟ್ಟು, ಬುಡ, ಚಕ್ರ ಎಲ್ಲ ಸೇರಿಸಿದರೆ 35 ಕೆ.ಜಿ. ಎಂದಿಟ್ಟುಕೊಳ್ಳಿ. ಅದನ್ನು ಒಂದಡಿ ಅಗಲದ ಬುಡದ ಮೇಲೆ ನಿಲ್ಲಿಸಿದಾಗ ತುದಿಯಲ್ಲಿ ಎರಡೂವರೆ ಕೆ.ಜಿ.ಯಷ್ಟು ಬಲ ಬಿದ್ದರೆ ಸಾಕು, ವಾಲಲು ಶುರು. ನಡುಮಟ್ಟದಲ್ಲಿ ಮಗು ಹಿಡಿದು ಎಳೆದರೆ ಐದು ಕೆ.ಜಿ. ಸಾಕು. ಚಕ್ರದ ಬ್ರೇಕ್ ಉರುಳುವುದನ್ನು ತಡೆಯುತ್ತದೆಯೇ ಹೊರತು ಮಗುಚುವುದನ್ನಲ್ಲ. ಬುಡವನ್ನು ಎರಡಡಿ ಮಾಡಬಹುದಲ್ಲ ಎನ್ನುತ್ತೀರಿ. ಮಾಡಬಹುದು, ಆದರೆ ಜಾಗ ಉಳಿಸಲೆಂದು ತಂದ ವಸ್ತುವೇ ಜಾಗ ತಿನ್ನುತ್ತದೆ. ರಾತ್ರಿ ನೀರು ಕುಡಿಯಲು ಎದ್ದವರ ಕಾಲಿನ ಬೆರಳೂ ಅದಕ್ಕೇ ತಾಗುತ್ತದೆ. ಮಳೆಗಾಲದಲ್ಲಿ ಒದ್ದೆ ಹೊದಿಕೆಯನ್ನು ಪಾರ್ಟಿಶನ್ ಮೇಲೆ ಹಾಕದ ಮನೆಯನ್ನು ನಾವಂತೂ ಕಂಡಿಲ್ಲ.

ಮಡಚುವ ಬಗೆಯದಕ್ಕೆ ಬೇರೆ ಬುಡವೇ ಬೇಡ. ಎರಡೆರಡು ಅಡಿಯ ಎಲೆಗಳು ಅಂಕುಡೊಂಕಾಗಿ ನಿಂತಾಗ ಆ ಬಾಗೇ ಅದರ ಬುಡ. ಪೂರ್ತಿ ನೇರವಾಗಿ ಬಿಡಿಸಿ ನಿಲ್ಲಿಸಬಾರದು, ಅಷ್ಟೆ. ಮರೆತರೂ ನೇರವಾಗದಂತೆ ತಡೆಯುವ ಪಟ್ಟಿಯೊಂದನ್ನು ನಾವೇ ಹಾಕಿ ಕೊಡುತ್ತೇವೆ. ಮಗನ ಪರೀಕ್ಷೆಯ ದಿನಗಳಲ್ಲಿ ಮೂಲೆಗೆ ಮರೆ, ನೆಂಟರು ಬಂದಾಗ ಮಲಗಲು ಮರೆ. ಸತ್ಯನಾರಾಯಣ ಪೂಜೆಯ ದಿನ ಮಡಚಿ ಗೋಡೆಗೆ ಒರಗಿಸಿದರೆ ಹಾಲ್ ಇಡೀ ಖಾಲಿ. ಕೇರಳ ಸರಕಾರದ ಲೈಫ್ ವಸತಿ ಯೋಜನೆಯ 400 ಚದರಡಿ ಆಸುಪಾಸಿನ ಮನೆಗಳಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ಹಳಿಯ ಬಗೆಯದಕ್ಕೆ ನೆಲದಲ್ಲಿ ಹಳಿ ಇರುವುದಿಲ್ಲ. ನೆಲದ ಹಳಿಯಲ್ಲಿ ಮರಳು, ಕೂದಲು, ಒರೆಸಿದ ನೀರು ಎಲ್ಲ ಸೇರಿ ವರ್ಷದೊಳಗೆ ಅದು ಬಿಗಿಯುತ್ತದೆ. ಭಾರವೆಲ್ಲ ಮೇಲೆ. ಹಾಗಾಗಿ ಮೇಲೆ ಏನಿದೆ ಎಂದು ಕಣ್ಣಾರೆ ನೋಡದೆ ಒಪ್ಪಿಕೊಳ್ಳುವಂತಿಲ್ಲ. ಕಾಂಕ್ರೀಟ್ ಸ್ಲ್ಯಾಬ್ ಇದ್ದರೆ ಸುಲಭ. ಜಿಪ್ಸಮ್ ಸೀಲಿಂಗ್ ಹಳಿಯ ಭಾರ ಹೊರುವುದಿಲ್ಲ. ಅದನ್ನು ದಾಟಿ ಸ್ಲ್ಯಾಬಿಗೇ ಬೋಲ್ಟ್ ಹಾಕಬೇಕು. ಹಂಚಿನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ತೊಲೆ ಬೇಕು. ಅಲ್ಲಿ ನಮ್ಮ ಊರಿನ ಕೆಂಪುಕಲ್ಲಿನದೇ ಪ್ರಶ್ನೆ: ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುವ ಬೋಲ್ಟು ಮೆದುಕಲ್ಲಿನಲ್ಲಿ ಮೆಲ್ಲಗೆ ಸಡಿಲುತ್ತದೆ. ತೊಲೆಯ ತುದಿಯನ್ನು ಕಲ್ಲಿನೊಳಗೇ ಕೂರಿಸಿ ಗಾರೆ ತುಂಬುತ್ತೇವೆ. ಒಂದು ದಿನದ ಕೆಲಸ ಹೆಚ್ಚಾಗುತ್ತದೆ, ಧೂಳೂ ಆಗುತ್ತದೆ.

ಮರದ ವಿಚಾರ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಲಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಒಂದಡಿ ಅಗಲದ ಹಲಗೆ ಬೇಸಿಗೆಗೂ ಆಟಿಗೂ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ನಡುವೆ ಮೂರು ನಾಲ್ಕು ಮಿ.ಮೀ. ವ್ಯತ್ಯಾಸ ತೋರಿಸಬಲ್ಲದು. ಆದ್ದರಿಂದ ಹಲಸು ಅಥವಾ ಹೆಬ್ಬಲಸಿನ ಚೌಕಟ್ಟಿನ ಒಳಬದಿಯಲ್ಲಿ ಸಣ್ಣ ತೋಡು ಕೊರೆದು, ಹಲಗೆಯನ್ನು ಅಂಟು ಹಾಕದೆ ಅದರೊಳಗೆ ಸಡಿಲವಾಗಿ ಕೂರಿಸುತ್ತೇವೆ. ಮುಟ್ಟಿದಾಗ ತುಸು ಅಲುಗಿದರೆ ಗಾಬರಿ ಬೇಡ, ಬೇಕೆಂದೇ ಬಿಟ್ಟದ್ದು. ಹಲಗೆಯ ಬದಲು ಅಡಿಕೆ ಮರದ ರೀಪು, ಬೆತ್ತದ ಹೆಣಿಗೆ, ಕೈಮಗ್ಗದ ದಪ್ಪ ಹತ್ತಿ ಬಟ್ಟೆ ಕೂಡ ಆಗುತ್ತದೆ. ಬಟ್ಟೆಯದು ತೀರ ಹಗುರ, ಬಿಚ್ಚಿ ಒಗೆಯಬಹುದು. ನಮಗೆ ಇಷ್ಟವಾದದ್ದು ಅದೇ. ಪ್ಲೈವುಡ್ಡೇ ಬೇಕೆಂದರೆ ಬಿ.ಡಬ್ಲ್ಯು.ಆರ್. (ಕುದಿನೀರನ್ನೂ ತಾಳುವ) ದರ್ಜೆಯದನ್ನು ಮಾತ್ರ ಹಾಕುತ್ತೇವೆ. ಎಂ.ಆರ್. (ತೇವ ತಾಳುವ) ದರ್ಜೆಯದು ಗಾಳಿಯ ತೇವವನ್ನು ತಾಳುತ್ತದೆ, ನೆಲ ಒರೆಸುವ ನೀರನ್ನಲ್ಲ.

ಚಾವಣಿ ಮುಟ್ಟುವಷ್ಟು ಎತ್ತರ ಬೇಡ. ಹಾಲಿಗೆ ಒಂದೇ ಫ್ಯಾನು, ಕಿಟಕಿ ಒಂದೇ ಕಡೆ ಎಂದಾದರೆ ಆಚೆಗೆ ಮಲಗಿದವರು ಬೆವರುತ್ತಾರೆ. ಮಡಚುವುದು ಆರೂವರೆ ಅಡಿಗೆ ನಿಲ್ಲಲಿ. ಹಳಿಯದಕ್ಕೆ ಮೇಲಿನ ಎರಡಡಿ ಸಂದು ಬಿಟ್ಟ ರೀಪು ಇರಲಿ. ಹೀಗೆ ಮಾಡಿದರೆ ಸದ್ದು ನಿಲ್ಲುವುದಿಲ್ಲ. ಮುಚ್ಚಿದರೂ ಹೆಚ್ಚೇನೂ ನಿಲ್ಲುವುದಿಲ್ಲ, ಸದ್ದು ತಡೆಯಲು ಭಾರ ಬೇಕು, ಸಂದು ಇರಬಾರದು. ಟಿ.ವಿ. ಸದ್ದಿನಿಂದ ಪಾರಾಗಲು ಪಾರ್ಟಿಶನ್ ಕೇಳುವವರಿಗೆ ನಮ್ಮಲ್ಲಿ ಮದ್ದಿಲ್ಲ.

ಬೆಲೆ ಚಕ್ರದ್ದಕ್ಕಿಂತ ಹೆಚ್ಚು. ಮರದಿಂದಲ್ಲ, ಕೂಲಿಯಿಂದ. ಮನೆಗೆ ಬಂದು ನೋಡುವುದಕ್ಕೆ ಹಣವಿಲ್ಲ. ಹಿಂದೆ ಚಕ್ರದ್ದು ಕೊಂಡವರು ತಂದು ಕೊಟ್ಟರೆ ಅದೇ ಶೀಟನ್ನು ಕತ್ತರಿಸಿ ಮಡಚುವ ಎಲೆಗಳಾಗಿ ಮಾಡಿಕೊಡುತ್ತೇವೆ, ಬಿಜಾಗರಿ ಮತ್ತು ಕೂಲಿಯ ಹಣ ಮಾತ್ರ. ಅಲ್ಲಿಯವರೆಗೆ ಗೋಡೆಗೆ ಒಂದು ಕೊಕ್ಕೆ ಹಾಕಿ ಕಟ್ಟಿಡಿ. ಕೊಕ್ಕೆ ಶೆಡ್ಡಿನಲ್ಲಿ ಉಚಿತವಾಗಿ ಸಿಗುತ್ತದೆ.

ಆಟಿಯಲ್ಲಿ ಪಾಲಿಶ್ ಸರಿಯಾಗಿ ಒಣಗುವುದಿಲ್ಲ, ಆ ತಿಂಗಳು ಪಾಲಿಶ್ ಕೆಲಸಕ್ಕೆ ರಜೆ. ಚೌತಿಗೆ ಮೊದಲು ಬೇಕಾದವರು ಪತ್ತನಾಜೆಯೊಳಗೆ ಹೆಸರು ಕೊಡಿ.

ಇತಿ,
ಶೆಡ್ಡಿನ ಎಲ್ಲರ ಪರವಾಗಿ